ಮನೆಯ ಟಿವಿಗೆ ಅಂತರ್ಜಾಲದ ಆ್ಯಪ್: ಆಯ್ಕೆ ಮತ್ತು ಅಳವಡಿಕೆ

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಇಂದು ಗಾವಡಗೆರೆಯಂತಹ ಗ್ರಾಮದ ಮನೆಗೂ ದೂರದರ್ಶನವು ಅಂತರ್ಜಾಲದ ಮೂಲಕ ಬರಬಲ್ಲುದು. ಅದನ್ನು ಅಳವಡಿಸಿಕೊಳ್ಳುವ ಮುನ್ನ ಒಂದು ಭೇದವನ್ನು ಅರಿಯುವುದು ಅವಶ್ಯಕ.

ಇದಕ್ಕೆ ಬೇಕಾದ ಆ್ಯಪ್‌ಗಳಲ್ಲಿ ಎರಡು ಬಗೆ. ಮೊದಲನೆಯದು ಪ್ರಸಾರ ಸಂಸ್ಥೆಯದೇ ಆದುದು. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿಯು ಹೊರತಂದ ‘ವೇವ್ಸ್’ ಇದಕ್ಕೆ ನಿದರ್ಶನ. ಎರಡನೆಯದು ವಿಎಲ್‌ಸಿಯಂತಹ ಬರಿಯ ಪ್ಲೇಯರ್. ಇದು ಬರಿದಾದ ಪಾತ್ರೆಯಿದ್ದಂತೆ, ಇದರೊಳಗೆ ವಾಹಿನಿಗಳಿಲ್ಲ. ವಾಹಿನಿಗಳ ವಿಳಾಸಗಳುಳ್ಳ ‘ಎಂ3ಯು’ ಪಟ್ಟಿಯನ್ನು ಒದಗಿಸಿದಾಗ ಮಾತ್ರ ದೃಶ್ಯ ಮೂಡುವುದು. ಪಾತ್ರೆ ಶುದ್ಧವಾಗಿದ್ದರೆ ಸಾಲದು, ನೀರಿನ ಮೂಲವೂ ಶುದ್ಧವಾಗಿರಬೇಕು. ಅಲ್ಪ ಹಣಕ್ಕೆ ಸಾವಿರಾರು ವಾಹಿನಿಗಳನ್ನು ಕೊಡುವೆವೆನ್ನುವ ಪಟ್ಟಿಗಳು ಬಹುಮಟ್ಟಿಗೆ ಅನ್ಯರ ಕೃತಿಸ್ವಾಮ್ಯದ ಅಪಹರಣವೇ ಸರಿ. ಅವು ಯಾವ ದಿನ ನಿಲ್ಲುವುವೋ ಹೇಳಲಾಗದು. ಕೊಟ್ಟ ಹಣ ಮರಳುವ ಭರವಸೆಯೂ ಇಲ್ಲ.

ಅಳವಡಿಕೆ ಕಷ್ಟವಲ್ಲ. ಟಿವಿಯಲ್ಲಿರುವ ಅಧಿಕೃತ ಆ್ಯಪ್ ಸ್ಟೋರಿನಿಂದಲೇ, ತಯಾರಕರ ಹೆಸರನ್ನು ಪರಿಶೀಲಿಸಿ, ಆ್ಯಪನ್ನು ಪಡೆಯತಕ್ಕದ್ದು. ವಾಟ್ಸ್‌ಆ್ಯಪಿನಲ್ಲಿ ಬಂದ ಎಪಿಕೆ ಕಡತವನ್ನು ಫೋನಿಗೆ ಹಾಕಿಕೊಳ್ಳಬಾರದು. ಅಂಥದು ಒಟಿಪಿಯನ್ನು ಕದ್ದು ಬ್ಯಾಂಕಿನ ಉಳಿತಾಯವನ್ನೇ ಬರಿದುಮಾಡಬಹುದು. ಎಚ್‌ಡಿ ಚಿತ್ರಕ್ಕೆ ಗಂಟೆಗೆ ಸುಮಾರು 3 ಜಿಬಿಯವರೆಗೆ ಡೇಟಾ ವ್ಯಯವಾಗುವುದರಿಂದ, ಮೊಬೈಲ್ ಡೇಟಾವನ್ನೇ ನೆಚ್ಚಿದವರು ಚಿತ್ರದ ಗುಣಮಟ್ಟವನ್ನು ತಗ್ಗಿಸಿಕೊಳ್ಳುವುದು ಲೇಸು.

ಶಾಲೆಯಲ್ಲಿ ಸತ್ಯಶುದ್ಧ ಕಾಯಕದ ಪಾಠವನ್ನು ಕೇಳಿದ ಮಗು ಮನೆಗೆ ಬಂದು ಕದ್ದ ವಾಹಿನಿಯನ್ನು ನೋಡುವಂತಾಗಬಾರದು. ಆ ಎಚ್ಚರವು ಹಿರಿಯರಿಂದಲೇ ಮೊದಲಾಗಬೇಕು.