ಹೆಡ್‌ಫೋನಿಗೆಷ್ಟು, ಆಂಪ್ಲಿಫೈಯರಿಗೆಷ್ಟು?

ಕಾಸರಗೋಡಿನ ಕನ್ನಡಿಗರಿಗೆ 1956ರ ನವೆಂಬರ್ 1 ಹೇಗೋ, ರಾಯದುರ್ಗದ ಕನ್ನಡಿಗರಿಗೆ 1953ರ ಅಕ್ಟೋಬರ್ 1 ಹಾಗೆ. ಅಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಹೋದವು, ಬಳ್ಳಾರಿ ಪಟ್ಟಣ ಮೈಸೂರಿಗೆ ಬಂತು. ರಾಯದುರ್ಗ ಅನಂತಪುರ ಜಿಲ್ಲೆಯ ಪಾಲಾಯಿತು. ಮಡಕಶಿರಾ ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದು, 2022ರ ಏಪ್ರಿಲಿನಲ್ಲಿ ಜಿಲ್ಲೆಗಳು ಒಡೆದಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಈ ಮಡಕಶಿರಾ ಸೀಮೆಯಲ್ಲೇ ಇದೆ. ಅಲ್ಲಿನ ಕಲ್ಲುಗಳ ಮೇಲೆ ಕನ್ನಡವಿದೆ. ಕಲ್ಲಿನ ಮೇಲಿರುವುದು ಅಳಿಯುವುದಿಲ್ಲ. ಕಿವಿಯಲ್ಲಿರುವುದರ ಮಾತು ಬೇರೆ.

ನಾನು ಈ ಗಡಿಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಪಾಠ ಹೇಳುವವನು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಸಂತೆಯಲ್ಲಿ, ಬಸ್ಸಿನಲ್ಲಿ, ಸಿನಿಮಾದಲ್ಲಿ, ಕಚೇರಿಯಲ್ಲಿ ತೆಲುಗು ಕೇಳುತ್ತಾರೆ. ಇದರಲ್ಲಿ ದೂರುವಂಥದ್ದೇನೂ ಇಲ್ಲ, ತೆಲುಗು ಸೊಗಸಾದ ಭಾಷೆ. ಆದರೆ ಒಳ್ಳೆಯ, ತಿದ್ದಿದ ಕನ್ನಡ ಕಿವಿಗೆ ಬೀಳಬೇಕಾದರೆ ನಮಗೆ ಗತಿ ಆಕಾಶವಾಣಿ ಮತ್ತು ಧ್ವನಿಮುದ್ರಣಗಳು ಮಾತ್ರ. ನಿಮ್ಮಲ್ಲಿ ಮಂಗಳೂರು ಆಕಾಶವಾಣಿ 1976ರಿಂದ ಈ ಕೆಲಸ ಮಾಡುತ್ತ ಬಂದಿದೆ. ನಮ್ಮ ಕಡೆಯ ಹಿರಿಯರು ರಾತ್ರಿ ಹೊತ್ತು ಬೆಂಗಳೂರು, ಧಾರವಾಡ ಕೇಂದ್ರಗಳಿಗೆ ಮುಳ್ಳು ತಿರುಗಿಸಿಕೊಂಡು ಕೂರುತ್ತಿದ್ದರು. ಈಗ ಆ ಕೇಂದ್ರಗಳನ್ನು ಮೊಬೈಲಿನಲ್ಲೇ ಕೇಳಬಹುದು. ಆದುದರಿಂದ ಪ್ರಶ್ನೆ ಕೇಂದ್ರ ಸಿಗುತ್ತದೆಯೇ ಎಂಬುದಲ್ಲ, ಸಿಕ್ಕಿದ್ದನ್ನು ಮಗು ಯಾವುದರ ಮೂಲಕ ಕೇಳುತ್ತದೆ ಎಂಬುದು.

ಉಕ್ತಲೇಖನ ಕೊಟ್ಟಾಗ ನಮ್ಮ ಮಕ್ಕಳಲ್ಲಿ ಕೆಲವರು ‘ಶಾಲೆ’ಯನ್ನು ‘ಸಾಲೆ’ ಎಂದೇ ಬರೆಯುತ್ತಾರೆ. ಊರಿನ ಆಡುಮಾತು ಒಂದು ಕಾರಣ, ಅದು ತಪ್ಪೂ ಅಲ್ಲ. ಆದರೆ ಅವರು ಕೇಳುವ ಯಂತ್ರವೂ ಇದಕ್ಕೆ ಜೊತೆಗೂಡುತ್ತದೆ. ‘ಸ’ಕಾರದ ಕಸುವೆಲ್ಲ ಇರುವುದು 4000 ಹರ್ಟ್ಸ್‌ನಿಂದ ಮೇಲೆ. ಹಳೆಯ ದೂರವಾಣಿಯ ತಂತಿ 300ರಿಂದ 3400 ಹರ್ಟ್ಸ್‌ವರೆಗಿನ ಸ್ವರಗಳನ್ನಷ್ಟೇ ಸಾಗಿಸುತ್ತಿತ್ತು. ಮೀಡಿಯಂ ವೇವ್ ರೇಡಿಯೋಗಳಲ್ಲೂ ಬಹಳಷ್ಟು ಅದಕ್ಕಿಂತ ತುಸು ಮೇಲಕ್ಕೆ ಹೋಗಿ ನಿಂತುಬಿಡುತ್ತವೆ. ಫೋನಿನಲ್ಲಿ ಹೆಸರು ಹೇಳುವಾಗ “ಸಂಪಿಗೆಯ ಸ, ಶಂಕರನ ಶ” ಎಂದು ನಾವು ಬಿಡಿಸಿ ಹೇಳಬೇಕಾಗಿ ಬಂದದ್ದು ಇದರಿಂದಲೇ. ಅಗ್ಗದ ಇಯರ್‌ಫೋನುಗಳಲ್ಲಿ ಇನ್ನೊಂದು ಬಗೆಯ ಕಾಟ: ತಬಲೆಯ ಗುಂಯ್‌ಗುಡುವಿಕೆಯನ್ನು ಉಬ್ಬಿಸಿ, ಮಾತಿನ ಮೊನೆಯನ್ನು ಮೊಂಡು ಮಾಡುತ್ತವೆ. ಸ, ಶ, ಷ ಮೂರೂ ಒಂದೇ ಹಿಟ್ಟಾಗಿ ಕಿವಿಗೆ ಬಂದರೆ ಮಗು ಕಲಿಯುವುದೇನು?

ಹೋದ ವರ್ಷ ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಕೂಡಿಸಿ ಹತ್ತು ಸಾವಿರ ರೂಪಾಯಿ ಕೊಟ್ಟರು. ಮಕ್ಕಳಿಗೆ ಒಳ್ಳೆಯ ಕನ್ನಡ ಕೇಳಿಸಲು ಬಳಸಿ ಎಂದರು. ಪೇಟೆಯ ಅಂಗಡಿಯವರು ಕೂಡಲೇ ನೂರು ವಾಟ್ ಆಂಪ್ಲಿಫೈಯರ್ ಒಂದನ್ನು ಮೇಜಿನ ಮೇಲಿಟ್ಟು, “ಮೇಷ್ಟ್ರೇ, ಮೊದಲು ಪವರ್ ತಗೊಳ್ಳಿ. ಹೆಡ್‌ಫೋನು ಯಾವಾಗ ಬೇಕಾದರೂ ಕೊಂಡರಾಯಿತು” ಎಂದರು. ಮೈಕ್‌ಸೆಟ್ಟಿನ ವ್ಯಾಪಾರ ಮಾಡುವವರ ಮಾತು ಇದು. ಬಯಲಿನಲ್ಲಿ ಸಾವಿರ ಜನಕ್ಕೆ ಕೇಳಿಸಲು ಅದು ಸರಿಯಾದ ಮಾತು, ಕಿವಿಗೆ ಒಂದು ಅಂಗುಲ ದೂರದಲ್ಲಿ ಹಾಡುವ ಯಂತ್ರಕ್ಕೆ ಅಲ್ಲ.

ಲೆಕ್ಕ ನೋಡಿ. ಸಾಮಾನ್ಯ ಹೆಡ್‌ಫೋನಿನ ತಡೆ, ಎಂದರೆ ಇಂಪಿಡೆನ್ಸ್, 32 ಓಮ್ ಇರುತ್ತದೆ. ಅದಕ್ಕೆ ಒಂದು ವಾಟ್‌ನ ಸಾವಿರದಲ್ಲಿ ಒಂದು ಪಾಲು, ಅಂದರೆ ಒಂದು ಮಿಲಿವಾಟ್, ಕೊಟ್ಟರೆ ಸುಮಾರು 100 ಡೆಸಿಬಲ್ ಶಬ್ದ ಬರುತ್ತದೆ. ಅಷ್ಟು ಶಬ್ದವನ್ನು ಯಾರೂ ಬಹಳ ಹೊತ್ತು ಕೇಳಬಾರದು. ಆ ಒಂದು ಮಿಲಿವಾಟ್‌ಗೆ ಬೇಕಾಗುವುದು 0.18 ವೋಲ್ಟ್. ಮೊಬೈಲು ಅದರ ಮೂರು ನಾಲ್ಕು ಪಟ್ಟನ್ನು ಸಲೀಸಾಗಿ ಕೊಡುತ್ತದೆ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದಾಗ ಅವರ ಯಂತ್ರದ ಬಲ ಮೂವತ್ತೇ ವಾಟ್. ಒಂದು ಊರಿಗೆ ಅಷ್ಟು ಸಾಕಾಗಿದ್ದಾಗ ಒಬ್ಬನ ಎರಡು ಕಿವಿಗೆ ನೂರು ವಾಟ್ ಏತಕ್ಕೆ?

ನಮ್ಮ ಅನಂತಪುರ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದಿಂಚು ನೀರಿನ ಬೋರಿಗೆ ಹತ್ತು ಎಚ್.ಪಿ. ಮೋಟರು ಇಳಿಸಿದರೆ ನೀರು ಹೆಚ್ಚಾಗುವುದಿಲ್ಲ, ಕರೆಂಟಿನ ಬಿಲ್ಲು ಹೆಚ್ಚಾಗುತ್ತದೆ. ದನಿಯ ಗುಣ ಇರುವುದು ಕಿವಿಯ ಹತ್ತಿರ ಅದುರುವ ಆ ತೆಳು ಪರದೆಯಲ್ಲಿ, ಅದನ್ನು ಹಿಡಿದಿರುವ ಬುಟ್ಟಿಯಲ್ಲಿ, ಕಿವಿಯ ಸುತ್ತ ಕೂರುವ ಮೆತ್ತೆಯಲ್ಲಿ. ಎರಡು ಒಳ್ಳೆಯ ಆಂಪ್ಲಿಫೈಯರುಗಳ ನಡುವಿನ ವ್ಯತ್ಯಾಸವನ್ನು ಕಣ್ಣು ಮುಚ್ಚಿ ಗುರುತಿಸುವುದು ಕಷ್ಟ. ಎರಡು ಹೆಡ್‌ಫೋನುಗಳ ವ್ಯತ್ಯಾಸವನ್ನು ಏಳನೇ ತರಗತಿಯ ಹುಡುಗನೂ ಹೇಳುತ್ತಾನೆ. ಆದುದರಿಂದ ಹಣದ ದೊಡ್ಡ ಪಾಲು ಹೆಡ್‌ಫೋನಿಗೆ ಹೋಗತಕ್ಕದ್ದು.

ಹಾಗೆಂದು ಬೆಲೆ ಹೆಚ್ಚಿದಷ್ಟೂ ದನಿ ಒಳ್ಳೆಯದೆಂದು ತಿಳಿಯಬೇಡಿ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯ ಜೊತೆಗಿಟ್ಟು ನೋಡಿ 2017ರಲ್ಲಿ ಒಂದು ಲೇಖನ ಪ್ರಕಟಿಸಿದರು. ಯಾವ ಸ್ವರ ಎಷ್ಟು ಎತ್ತರದಲ್ಲಿ ಕೇಳುತ್ತದೆ ಎಂಬುದಕ್ಕೂ ಬೆಲೆಗೂ ಅವರಿಗೆ ಸಂಬಂಧ ಕಾಣಲಿಲ್ಲ. ಅಂಗಡಿಗೆ ಹೋಗುವಾಗ ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ಭಾಷಣವನ್ನೋ ಸುದ್ದಿವಾಚನವನ್ನೋ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಸಿನಿಮಾ ಹಾಡು ಹಾಕಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಮಾತು ಹಾಕಿದಾಗ ಮರ್ಮ ಹೊರಬೀಳುತ್ತದೆ.

ಆಂಪ್ಲಿಫೈಯರ್ ಬೇಡವೇ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬೇಕಾಗುವ ಸಂದರ್ಭಗಳಿವೆ. ಸ್ಟುಡಿಯೋಗಳಿಗೆಂದು ಮಾಡಿದ 250, 300, 600 ಓಮ್‌ಗಳ ಹೆಡ್‌ಫೋನುಗಳು ದುಬೈಯಿಂದಲೋ ಬೆಂಗಳೂರಿನಿಂದಲೋ ಯಾರಾದರೂ ನೆಂಟರ ಕೈಯಿಂದ ಮನೆಗೆ ಬಂದುಬಿಡುತ್ತವೆ. 600 ಓಮ್‌ನದಕ್ಕೆ ಒಂದು ಮಿಲಿವಾಟ್ ಕೊಡಲು 0.77 ವೋಲ್ಟ್ ಬೇಕು. ಸಂಗೀತದಲ್ಲಿ ಮೃದಂಗದ ಒಂದು ಗಟ್ಟಿ ಪೆಟ್ಟು ಬಂದಾಗ ಮೂರು ನಾಲ್ಕು ವೋಲ್ಟ್ ಬೇಕಾದೀತು. ಅದನ್ನು ಮೊಬೈಲು ಕೊಡಲಾರದು. ಇಂಥದ್ದಕ್ಕೆ ಒಂದು ಸಣ್ಣ ಹೆಡ್‌ಫೋನ್ ಆಂಪ್ಲಿಫೈಯರ್ ಕೊಳ್ಳಬೇಕು. ಪರೀಕ್ಷೆ ಸುಲಭ. ಮೊಬೈಲಿನ ಶಬ್ದವನ್ನು ಮುಕ್ಕಾಲಿಗೆ ಏರಿಸಿದಾಗ ನಿಮಗೆ ಸಾಕಷ್ಟು ಕೇಳುತ್ತದೆಯೇ? ಹಾಗಾದರೆ ಆಂಪ್ಲಿಫೈಯರಿನ ಮಾತು ಬಿಡಿ. ಕಿವಿಯೊಳಗೆ ತೂರಿಸುವ ಸೂಕ್ಷ್ಮವಾದ ಇಯರ್‌ಫೋನುಗಳನ್ನು ಬಲವಾದ ಆಂಪ್ಲಿಫೈಯರಿಗೆ ಚುಚ್ಚಿದರೆ ಲಾಭದ ಬದಲು ಹಿನ್ನೆಲೆಯಲ್ಲಿ ‘ಸ್ಸ್’ ಎಂಬ ಸದ್ದು ಕೇಳುತ್ತದೆ.

ಮನೆಯ ಹಳೆಯ ಸ್ಟೀರಿಯೋ ಆಂಪ್ಲಿಫೈಯರಿನ ಮುಂಭಾಗದಲ್ಲಿ ಹೆಡ್‌ಫೋನಿನ ತೂತು ಇದ್ದರೆ ಅದರ ಬಗ್ಗೆಯೂ ಒಂದು ಮಾತು. ಬಹುಪಾಲು ಇಂಥವುಗಳಲ್ಲಿ ಸ್ಪೀಕರಿಗೆ ಹೋಗುವ ದನಿಯನ್ನೇ ನೂರಾರು ಓಮ್‌ನ ಒಂದು ರೆಸಿಸ್ಟರಿನ ಮೂಲಕ ಹೆಡ್‌ಫೋನಿಗೆ ಬಿಟ್ಟಿರುತ್ತಾರೆ. ಹೆಡ್‌ಫೋನಿನ ತಡೆ ಎಲ್ಲ ಸ್ವರಕ್ಕೂ ಒಂದೇ ಸಮ ಇರುವುದಿಲ್ಲ. 32 ಓಮ್ ಎಂದು ಬರೆದದ್ದು ಮಂದ್ರದಲ್ಲಿ 60ಕ್ಕೆ ಏರಿರಬಹುದು. ನಡುವೆ 100 ಓಮ್ ಕೂತರೆ ಆ ಮಂದ್ರ ಸ್ವರಗಳು ಉಳಿದವಕ್ಕಿಂತ ಸುಮಾರು 4 ಡೆಸಿಬಲ್ ಎತ್ತರವಾಗಿ ಬಿಡುತ್ತವೆ, ಮಾತು ಮಡಕೆಯೊಳಗಿನಿಂದ ಬಂದಂತಾಗುತ್ತದೆ. ಆಂಪ್ಲಿಫೈಯರಿನ ಒಳತಡೆ ಹೆಡ್‌ಫೋನಿನ ತಡೆಯ ಎಂಟನೇ ಒಂದು ಪಾಲು ಮೀರಬಾರದು ಎಂಬುದು ಬಲ್ಲವರು ಪಾಲಿಸುವ ನಿಯಮ. 32 ಓಮ್‌ಗೆ 4 ಓಮ್.

ಇನ್ನು ನಮ್ಮ ಶಾಲೆಯ ಹತ್ತು ಸಾವಿರದ ವಿಷಯ. ಇಲ್ಲಿ ಆಂಪ್ಲಿಫೈಯರ್ ನಿಜವಾಗಿಯೂ ಬೇಕಾಗಿತ್ತು, ಆದರೆ ಅಂಗಡಿಯವರು ಹೇಳಿದ ಕಾರಣಕ್ಕಲ್ಲ. ಒಂದೇ ಮೊಬೈಲಿನಿಂದ ಎಂಟು ಮಕ್ಕಳು ಕೇಳಬೇಕು. 32 ಓಮ್‌ನ ಎಂಟು ಹೆಡ್‌ಫೋನುಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಒಟ್ಟು ತಡೆ 4 ಓಮ್‌ಗೆ ಇಳಿಯುತ್ತದೆ. ಆ ಹೊರೆಯನ್ನು ಮೊಬೈಲು ಹೊರಲಾರದು, ದನಿ ಕುಗ್ಗಿ ಒಡೆಯುತ್ತದೆ. ಆದುದರಿಂದ ನಾಲ್ಕು ತೂತುಗಳಿರುವ, ಒಂದೊಂದಕ್ಕೂ ಬೇರೆ ಬೇರೆ ತಿರುಪು ಇರುವ ಒಂದು ಸಣ್ಣ ಪೆಟ್ಟಿಗೆ ತರಿಸಿದೆವು. ಎರಡು ಸಾವಿರದ ನಾಲ್ಕು ನೂರು ಬಿತ್ತು. ಒಂದೊಂದು ತೂತಿಗೂ ಕವಲು ತಂತಿ ಹಾಕಿ ಇಬ್ಬಿಬ್ಬರು. ಕಿವಿ ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನುಗಳು ಎಂಟು, ಏಳುನೂರ ಐವತ್ತರಂತೆ ಆರು ಸಾವಿರ. ತಂತಿ, ಕವಲು, ಮೊಬೈಲಿಗೆ ಚುಚ್ಚುವ ಅಡಾಪ್ಟರು ಸೇರಿ ಏಳುನೂರು. ಬ್ಲೂಟೂತ್ ಬೇಡವೆಂದದ್ದು ನಾನೇ. ಅದರ ಬೆಲೆಯಲ್ಲಿ ಬ್ಯಾಟರಿ, ರೇಡಿಯೋ, ಒಳಗಿನ ಆಂಪ್ಲಿಫೈಯರು ಎಲ್ಲಕ್ಕೂ ಪಾಲು ಹೋಗಿ, ದನಿಗೆ ಉಳಿಯುವುದು ಸ್ವಲ್ಪ. ಬ್ಯಾಟರಿ ಸತ್ತ ಮೇಲೆ ಕಸದ ಬುಟ್ಟಿಗೆ.

ಕಿವಿ ಮುಚ್ಚುವುದೇ ಏಕೆ ಎಂದು ಕೆಲವು ಪೋಷಕರು ಕೇಳಿದರು. ರಾಯದುರ್ಗದಲ್ಲಿ ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ಯಂತ್ರಗಳು ಓಡುತ್ತವೆ. ಅವುಗಳ ಸದ್ದಿನ ನಡುವೆ ತೆರೆದ ಇಯರ್‌ಫೋನು ಹಾಕಿಕೊಂಡ ಮಗು ಸದ್ದನ್ನು ಮೀರಿಸಲೆಂದು ಶಬ್ದ ಏರಿಸುತ್ತಲೇ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ ಅಷ್ಟೇ ಹೊತ್ತು 75 ಡೆಸಿಬಲ್ ಎಂದು ಮಿತಿ ಹೇಳಿದೆ. ಮೂರು ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ. ದೊಡ್ಡವರ ಲೆಕ್ಕದಲ್ಲೇ 92ಕ್ಕೆ ಏರಿಸಿದರೆ ವಾರಕ್ಕೆ ಎರಡೂವರೆ ಗಂಟೆ ಮಾತ್ರ ಉಳಿಯಿತು. ಹೊರಗಿನ ಸದ್ದನ್ನು ತಡೆಯುವ ಒಳ್ಳೆಯ ಮೆತ್ತೆಗೆ ಕೊಟ್ಟ ಹಣ ಮಗುವಿನ ಕಿವಿಯನ್ನು ಕಾಯುತ್ತದೆ. ಹೆಚ್ಚಿನ ವಾಟ್‌ಗೆ ಕೊಟ್ಟ ಹಣ ಅದೇ ಕಿವಿಯನ್ನು ತಿನ್ನುತ್ತದೆ. ಒಮ್ಮೆ ಸತ್ತ ಒಳಗಿವಿಯ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಕೇಳ್ಮೆಯ ಮಾತು ಬಂದಾಗ ನಮ್ಮ ಜಿಲ್ಲೆಯವರೇ ಆದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು ನೆನಪಾಗುತ್ತಾರೆ. ಅನಂತಪುರ ಜಿಲ್ಲೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸಿದವರು. ಕನ್ನಡದಲ್ಲಿ ಸಾಹಿತ್ಯ, ಸಂಗೀತಗಳ ಮೇಲೆ ಬರೆದವರು, ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಕೂಡಿಸಿದವರು. 1974ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಎಂಬ ಗೌರವ ಕೊಟ್ಟಿತು. ಎರಡು ಭಾಷೆಗಳ ನಡುವೆ ಇದ್ದೂ ಎರಡನ್ನೂ ಚೊಕ್ಕವಾಗಿ ಕೇಳಿಸಿಕೊಂಡ ಕಿವಿ ಅದು. ಗಡಿಯ ಮಕ್ಕಳಿಗೆ ಎರಡು ಭಾಷೆ ಭಾರವೆಂದು ಹೇಳುವವರು ಅವರ ಹೆಸರನ್ನೊಮ್ಮೆ ನೆನೆಯಬೇಕು.

ಮನೆಗಾಗಿ ಕೊಳ್ಳುವವರು ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಕೈಯಲ್ಲಿ ಮೂರು ಸಾವಿರ ಇದ್ದರೆ ಎಲ್ಲವನ್ನೂ ಹೆಡ್‌ಫೋನಿಗೇ ಹಾಕಿ. ಮೊಬೈಲಿನಲ್ಲಿ ದುಂಡು ತೂತು ಇಲ್ಲದಿದ್ದರೆ ಮಾತ್ರ ಅಡಾಪ್ಟರಿಗೆ ಐದಾರು ನೂರು ತೆಗೆದಿಡಿ. ಆ ಬೆರಳುದ್ದದ ತಂತಿಯೊಳಗೇ ಒಂದು ಆಂಪ್ಲಿಫೈಯರ್ ಇದೆ, 32 ಓಮ್‌ನ ಹೆಡ್‌ಫೋನಿಗೆ ಅಷ್ಟು ಸಾಕು. ಹತ್ತು ಸಾವಿರ ಇದ್ದರೆ ಏಳೋ ಎಂಟೋ ಹೆಡ್‌ಫೋನಿಗೆ, ಉಳಿದದ್ದು ಮುಕ್ಕಾಲಿನ ಪರೀಕ್ಷೆಯಲ್ಲಿ ಸೋತರೆ ಮಾತ್ರ ಆಂಪ್ಲಿಫೈಯರಿಗೆ. ಗೆದ್ದರೆ ಆ ಹಣ ಪುಸ್ತಕಕ್ಕೆ ಹೋಗಲಿ. ಅಜ್ಜಿಗೆ ಕಿವಿ ಮಂದವಾಗಿದೆಯೆಂದು ಆಂಪ್ಲಿಫೈಯರ್ ಕೊಳ್ಳಲು ಹೊರಟವರು ಮೊದಲು ಕಿವಿಯ ಡಾಕ್ಟರನ್ನು ಕಾಣಲಿ. ಮುಪ್ಪಿನಲ್ಲಿ ಮೊದಲು ಹೋಗುವುದು ಮೇಲಿನ ಸ್ವರಗಳು. ಎಲ್ಲವನ್ನೂ ಒಟ್ಟಿಗೆ ಏರಿಸಿದರೆ ಅವರಿಗೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ.

ಶಾಲೆಯ ಹಣದಲ್ಲಿ ಒಂಬೈನೂರು ಉಳಿದಿತ್ತು. ಅದರಲ್ಲಿ ನಾಲ್ಕು ಜೊತೆ ಹೆಚ್ಚುವರಿ ಮೆತ್ತೆ ಕೊಂಡೆವು. ಬೆವರಿಗೆ ಮೊದಲು ಹರಿಯುವುದು ಅವೇ. ಬಡಗಿಯಿಂದ ಎಂಟು ಗೂಟಗಳ ಒಂದು ಹಲಗೆ ಮಾಡಿಸಿ ಗೋಡೆಗೆ ಹೊಡೆಸಿದ್ದೇವೆ. ಮಂಗಳವಾರ ಮತ್ತು ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಎಂಟೆಂಟು ಮಕ್ಕಳ ಸರದಿ. ಕೇಳಿದ್ದನ್ನು ಅವರು ಮಾರನೆಯ ದಿನ ಉಕ್ತಲೇಖನದಲ್ಲಿ ಬರೆಯುತ್ತಾರೆ.