ರಕ್ತಪರೀಕ್ಷೆ ನೋಡಿ ಎಚ್‌ಐವಿ ಮಾತ್ರೆ ನಿಲ್ಲಿಸಬಹುದೇ?

‘ಹೊಸ ರಕ್ತಪರೀಕ್ಷೆ ಬಂದಿದೆ, ಎಚ್‌ಐವಿ ಇದ್ದವರು ಇನ್ನು ಜೀವನಪೂರ್ತಿ ಮಾತ್ರೆ ನುಂಗಬೇಕಿಲ್ಲ’ ಎನ್ನುವಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ಉತ್ತರ ಕರ್ನಾಟಕದಲ್ಲಿ ಎಚ್‌ಐವಿ ಹೆಚ್ಚಾಗಿ ಕಂಡ ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಇಂಥ ಸಂದೇಶ ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಅವರ ಜೀವಕ್ಕೇ ಅಪಾಯ.

ಮಾತ್ರೆ ಬಿಟ್ಟರೆ ಏನಾಗುತ್ತದೆ?

ಎಆರ್‌ಟಿ ಮಾತ್ರೆಗಳು ವೈರಸ್ ಹೆಚ್ಚಾಗದಂತೆ ತಡೆಯುತ್ತವೆ. ಆದರೆ ಕೆಲವು ಸಿಡಿ4 ಜೀವಕೋಶಗಳ ಒಳಗೆ ವೈರಸ್ ಸದ್ದಿಲ್ಲದೆ ಅಡಗಿರುತ್ತದೆ. ಹೊಲದಲ್ಲಿ ಕರಿಕೆ ಹುಲ್ಲು ಕಿತ್ತರೂ ಬೇರು ಉಳಿದರೆ ಮಳೆ ಬಿದ್ದ ಕೂಡಲೇ ಚಿಗುರುವುದಿಲ್ಲವೇ? ಹಾಗೆಯೇ ಇದು. ವೈರಲ್ ಲೋಡ್ ವರದಿಯಲ್ಲಿ ವೈರಸ್ ಕಾಣದಿದ್ದರೂ ಬೇರು ಒಳಗಿರುತ್ತದೆ. ಮಾತ್ರೆ ನಿಲ್ಲಿಸಿದ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ವೈರಸ್ ಮರಳುತ್ತದೆ. ಅಮೆರಿಕದ ಮಿಸಿಸಿಪ್ಪಿಯ ಒಂದು ಮಗುವಿನಲ್ಲಿ ಚಿಕಿತ್ಸೆ ಇಲ್ಲದೆ 27 ತಿಂಗಳು ವೈರಸ್ ಕಾಣಿಸಿರಲಿಲ್ಲ. ಗುಣವಾಯಿತು ಎಂದುಕೊಂಡಾಗಲೇ 2014ರಲ್ಲಿ ಅದು ಮರಳಿ ಬಂತು.

ಹಾಗಾದರೆ ಸಂಶೋಧನೆಯೇ ಸುಳ್ಳೇ?

ಅಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಬಹಳ ಕಾಲ ವೈರಸ್ ತಡೆದು ನಿಂತ ಕೆಲವರಿದ್ದಾರೆ. ಫ್ರಾನ್ಸ್‌ನಲ್ಲಿ ಅಂಥ 14 ಜನರ ವಿವರ 2013ರಲ್ಲಿ ಪ್ರಕಟವಾಯಿತು. ಯಾರಲ್ಲಿ ಬೇಗ, ಯಾರಲ್ಲಿ ತಡವಾಗಿ ವೈರಸ್ ಮರಳುತ್ತದೆ ಎಂದು ಮೊದಲೇ ತಿಳಿಯಬಹುದೇ ಎನ್ನುವುದು ವಿಜ್ಞಾನಿಗಳ ಪ್ರಶ್ನೆ.

ಸುಳಿವು ಸಿಕ್ಕಿದ್ದು ಪ್ರತಿಕಾಯಗಳಲ್ಲಿ. ರೋಗಾಣು ವಿರುದ್ಧ ದೇಹ ತಯಾರಿಸುವ ಪ್ರೋಟೀನ್‌ಗಳಿವು. ಇವುಗಳಿಗೆ ಸಕ್ಕರೆಯ ಸಣ್ಣ ಸರಪಳಿಗಳು ಅಂಟಿಕೊಂಡಿರುತ್ತವೆ. ಆ ಸರಪಳಿಗಳ ಮಾದರಿಗೂ ವೈರಸ್ ಮರಳುವ ಸಮಯಕ್ಕೂ ನಂಟಿದೆ ಎಂದು ಅಮೆರಿಕದ ವಿಸ್ಟಾರ್ ಸಂಸ್ಥೆಯ ಸಂಶೋಧಕರು 2021ರಲ್ಲಿ ವರದಿ ಮಾಡಿದರು.

ಇದರ ಉಪಯೋಗವೇನು? ಎಚ್‌ಐವಿ ಗುಣಪಡಿಸುವ ಹೊಸ ಔಷಧಿ ಪರೀಕ್ಷಿಸಲು ಸ್ವಯಂಸೇವಕರ ಮಾತ್ರೆ ನಿಲ್ಲಿಸಿ ನೋಡಬೇಕಾಗುತ್ತದೆ. ಇಂಥ ಗುರುತು ಸಿಕ್ಕರೆ ಆ ಅಪಾಯ ಕಡಿಮೆಯಾಗುತ್ತದೆ. ಆದರೆ ಅಧ್ಯಯನ ನಡೆದದ್ದು ಸಣ್ಣ ಗುಂಪುಗಳಲ್ಲಿ. ಇದು ಸಾಧ್ಯತೆ ಹೇಳುತ್ತದೆ, ಖಾತ್ರಿ ಕೊಡುವುದಿಲ್ಲ. ಇದನ್ನು ನೋಡಿ ಮಾತ್ರೆ ನಿಲ್ಲಿಸುವ ಚಿಕಿತ್ಸಾ ಪದ್ಧತಿ ಇಲ್ಲ.

ಇನ್ನೊಂದು ಗೊಂದಲ: ಎಚ್‌ಐವಿ ಪತ್ತೆಗೆ ಮಾಡುವ ಸಾಮಾನ್ಯ ಪರೀಕ್ಷೆಯೂ ಪ್ರತಿಕಾಯಗಳನ್ನೇ ಹುಡುಕುತ್ತದೆ. ಚಿಕಿತ್ಸೆ ಚೆನ್ನಾಗಿ ನಡೆದರೂ ಅದು ಸಾಮಾನ್ಯವಾಗಿ ಪಾಸಿಟಿವ್ ಆಗಿಯೇ ಇರುತ್ತದೆ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವೈರಲ್ ಲೋಡ್ ಪರೀಕ್ಷೆ ಬೇಕು.

ಮಾಡಬೇಕಾದ್ದೇನು?

2006ರಲ್ಲಿ ಪ್ರಕಟವಾದ ‘ಸ್ಮಾರ್ಟ್’ ಅಧ್ಯಯನದಲ್ಲಿ 5,472 ಜನರಿದ್ದರು. ಚಿಕಿತ್ಸೆಯನ್ನು ಮಧ್ಯೆ ಮಧ್ಯೆ ನಿಲ್ಲಿಸಿದವರಲ್ಲಿ ಗಂಭೀರ ಸೋಂಕು ಅಥವಾ ಸಾವಿನ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿತ್ತು. ವೈರಸ್ ಮರಳಿದರೆ ಸಂಗಾತಿಗೂ ಹರಡಬಹುದು.

ಸರ್ಕಾರ 2004ರಿಂದ ಎಆರ್‌ಟಿಯನ್ನು ಉಚಿತವಾಗಿ ಕೊಡುತ್ತಿದೆ. ಕಬ್ಬು ಕಡಿಯಲೋ, ಗೋವಾ, ಪುಣೆ ಕಡೆ ದುಡಿಯಲೋ ಹೋಗುವುದಿದ್ದರೆ ಎಆರ್‌ಟಿ ಕೇಂದ್ರದಲ್ಲಿ ಮೊದಲೇ ತಿಳಿಸಿ, ಮಾತ್ರೆಯ ವ್ಯವಸ್ಥೆ ಮಾಡಿಕೊಳ್ಳಿ. ಮಾತ್ರೆಯಿಂದ ತೊಂದರೆಯಾದರೆ ವೈದ್ಯರನ್ನು ಕೇಳಿ, ನೀವಾಗಿಯೇ ಬಿಡಬೇಡಿ. ಸಂಶಯವಿದ್ದರೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಸಂಶೋಧನೆ ನಿಜ, ‘ಮಾತ್ರೆ ಬಿಡಬಹುದು’ ಎನ್ನುವುದು ತಪ್ಪು. ಆ ಸಂದೇಶ ಕಳಿಸಿದವರಿಗೆ ಇದನ್ನೂ ಕಳಿಸಿ.