ಅರ್ಧಕ್ಕೆ ನಿಂತ ಅಪ್‌ಡೇಟ್

ವಿಂಡೋಸ್‌ನ ಭದ್ರತಾ ಅಪ್‌ಡೇಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಅಮೆರಿಕದಲ್ಲಿ ಬಿಡುಗಡೆಯಾಗುತ್ತದೆ. ಭಾರತದಲ್ಲಿ ಆಗ ರಾತ್ರಿ ಹತ್ತೂವರೆ, ಚಳಿಗಾಲವಾದರೆ ಹನ್ನೊಂದೂವರೆ. ಹಾಗಾಗಿ ಮುಂಬಯಿಯ ವಿಕ್ರೋಳಿಯ ಹೌಸಿಂಗ್ ಸೊಸೈಟಿಯ ಆಫೀಸಿಗೋ, ಸ್ಟೇಷನ್ ಬಳಿಯ ಹೋಟೆಲಿನ ಗಲ್ಲಾಕ್ಕೋ, ಎಲ್‌ಬಿಎಸ್ ಮಾರ್ಗದ ವರ್ಕ್‌ಶಾಪಿಗೋ ಅದು ಬಂದು ಮುಟ್ಟುವುದು ಬುಧವಾರ ಬೆಳಿಗ್ಗೆ, ಗಿರಾಕಿಗಳು ಬರುವ ಹೊತ್ತಿಗೆ. ಹೊಸ ಕಂಪ್ಯೂಟರ್ ಸದ್ದಿಲ್ಲದೆ ಹಾಕಿಕೊಳ್ಳುತ್ತದೆ. ಹಳೆಯದು ಕೆಲವೊಮ್ಮೆ ನಡುದಾರಿಯಲ್ಲಿ ನಿಲ್ಲುತ್ತದೆ, ಮಾಡಿದ ಬದಲಾವಣೆಗಳನ್ನೆಲ್ಲ ಹಿಂದಕ್ಕೆ ತೆಗೆಯುತ್ತಿದ್ದೇನೆ, ಆಫ್ ಮಾಡಬೇಡಿ ಎಂದು ತೋರಿಸುತ್ತದೆ. ಮರುದಿನವೂ ಅದೇ ಪಾಡು. ಬಿಲ್ಲು ಹರಿಯಬೇಕಾದ ಹೊತ್ತಿನಲ್ಲಿ ಇದನ್ನು ಕಂಡು ಬೇಸತ್ತವರು ಅಪ್‌ಡೇಟ್ ಸೇವೆಯನ್ನೇ ಬಂದ್ ಮಾಡಿಸುತ್ತಾರೆ. ಇದಕ್ಕಿಂತ ಕೆಟ್ಟ ಪರಿಹಾರ ಇನ್ನೊಂದಿಲ್ಲ.

2017ರ ವರ್ಷ ಅದನ್ನು ತೋರಿಸಿಕೊಟ್ಟಿದೆ. ಫೈಲುಗಳನ್ನು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ಒಂದು ಬಿರುಕಿಗೆ ಮೈಕ್ರೋಸಾಫ್ಟ್ ಆ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಅದೇ ಬಿರುಕಿನಿಂದ ನುಗ್ಗಿತು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7ರವು. ಅವಕ್ಕೆ ಮದ್ದು ಎರಡು ತಿಂಗಳಿಂದ ಲಭ್ಯವಿತ್ತು, ಹಾಕಿರಲಿಲ್ಲ ಅಷ್ಟೇ. ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಇನ್ನೊಂದು ಕುತಂತ್ರಾಂಶ ಬಂದಾಗ ಮುಂಬಯಿಯ ಆಚೆ ದಡದ ನ್ಹಾವಾ ಶೇವಾದಲ್ಲಿ, ಹಡಗು ಸಾಗಣೆಯ ಮೇರ್ಸ್ಕ್ ಗುಂಪು ನಡೆಸುತ್ತಿದ್ದ ಜೆಎನ್‌ಪಿಟಿ ಬಂದರಿನ ಟರ್ಮಿನಲ್‌ನ ಕೆಲಸ ನಿಂತುಹೋಯಿತು. ನಾಟ್‌ಪೆಟ್ಯಾ ಹರಡಲು ಆ ಬಿರುಕನ್ನೂ ಬಳಸುತ್ತಿತ್ತು, ಪಾಸ್‌ವರ್ಡ್‌ಗಳನ್ನೂ ಕದಿಯುತ್ತಿತ್ತು. ಅಂದರೆ ಒಂದೇ ಒಂದು ಯಂತ್ರ ತೇಪೆಯಿಲ್ಲದೆ ಉಳಿದರೂ ಪಕ್ಕದ ಯಂತ್ರಗಳಿಗೆ ಅಪಾಯ ತಪ್ಪಿದ್ದಲ್ಲ.

ದುರಸ್ತಿಗೆ ಕೈ ಹಾಕುವ ಮುನ್ನ ಲೆಕ್ಕಪತ್ರಗಳ ಬ್ಯಾಕಪ್ ಬೇರೆ ಡಿಸ್ಕಿಗೆ ಹೋಗಬೇಕು. ಆಮೇಲೆ ನೋಡಬೇಕಾದದ್ದು ಅಪ್‌ಡೇಟ್ ಹಿಸ್ಟರಿಯಲ್ಲಿರುವ ದೋಷದ ಸಂಖ್ಯೆ. ‘ವಿಫಲ’ ಎಂಬ ಮಾತು ಏನನ್ನೂ ಹೇಳುವುದಿಲ್ಲ, ಸಂಖ್ಯೆ ಹೇಳುತ್ತದೆ. 80070070 ಎಂದಿದ್ದರೆ ಡಿಸ್ಕಿನಲ್ಲಿ ಜಾಗವಿಲ್ಲ. ಡಿಸ್ಕ್ ಕ್ಲೀನಪ್ ಸಾಕಾಗುತ್ತದೆ. 80073712 ಎಂದಿದ್ದರೆ ವಿಂಡೋಸ್ ತನ್ನ ಭಾಗಗಳನ್ನು ಇಟ್ಟುಕೊಳ್ಳುವ ಸಂಗ್ರಹವೇ ಕೆಟ್ಟಿದೆ.

ಗಡಿಯಾರವನ್ನೂ ನೋಡಬೇಕು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ ಮುಗಿದರೆ, ಕರೆಂಟು ತೆಗೆದಾಗಲೆಲ್ಲ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ಸರ್ವರ್ ತೋರಿಸುವ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಭಾವಿಸಿ ಯಂತ್ರ ಸಂಪರ್ಕವನ್ನೇ ಕಡಿಯುತ್ತದೆ. ಸಿಆರ್2032 ಎಂಬ ಆ ಬ್ಯಾಟರಿ ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಇಷ್ಟು ಅಗ್ಗದ ಕಾರಣವನ್ನು ನೋಡದೆ ಹಾರ್ಡ್‌ಡಿಸ್ಕ್ ಬದಲಿಸಲು ಹೊರಡುವುದು ದುಡ್ಡಿನ ದಂಡ.

ಅಪ್‌ಡೇಟ್ ನಡೆಯುವಾಗ ಕರೆಂಟು ಹೋಗುವುದು ಇನ್ನೊಂದು ಕಾರಣ. ಮುಂಬಯಿಯಲ್ಲಿ ಅದು ಅಪರೂಪ, ಆದರೆ 2020ರ ಅಕ್ಟೋಬರ್ 12ರ ಬೆಳಿಗ್ಗೆ ಗ್ರಿಡ್ ಕುಸಿದು ನಗರ, ಉಪನಗರಗಳೆಲ್ಲ ಒಟ್ಟಿಗೆ ಕತ್ತಲಾದದ್ದುಂಟು. ಅರ್ಧ ಇಳಿದ ಫೈಲು ಕೆಟ್ಟಿದ್ದರೆ ಯಂತ್ರ ಅದನ್ನೇ ಮತ್ತೆ ಮತ್ತೆ ಹಾಕಲು ನೋಡಿ ಸೋಲುತ್ತದೆ. ಆಗ ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಅಪ್‌ಡೇಟ್ ಮತ್ತು ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್ (ಬಿಟ್ಸ್) ಎಂಬೆರಡು ಸೇವೆಗಳನ್ನು ನಿಲ್ಲಿಸಿ, ವಿಂಡೋಸ್ ಫೋಲ್ಡರಿನೊಳಗಿನ ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಫೋಲ್ಡರಿನ ಹೆಸರು ಬದಲಿಸಿ, ಸೇವೆಗಳನ್ನು ಮತ್ತೆ ಶುರು ಮಾಡಬೇಕು. ಹೊಸ ಫೋಲ್ಡರ್ ತಾನಾಗಿ ಹುಟ್ಟುತ್ತದೆ, ಅಪ್‌ಡೇಟ್ ಮೊದಲಿಂದ ಇಳಿಯುತ್ತದೆ. ಹಿಸ್ಟರಿಯ ಪಟ್ಟಿ ಅಳಿಸಿಹೋಗಬಹುದು, ಬಳಕೆದಾರರ ಫೈಲುಗಳಿಗೆ ಏನೂ ಆಗುವುದಿಲ್ಲ.

ವಿಂಡೋಸ್ 7ರಲ್ಲಿ ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸಿದ್ದು ಡಿಜಿಟಲ್ ಸಹಿಯ ವಿಷಯ. ಅಪ್‌ಡೇಟ್ ಅಸಲಿ ಎಂದು ಸಾರುವ ಸಹಿಯನ್ನು ಮೈಕ್ರೋಸಾಫ್ಟ್ 2019ರಲ್ಲಿ ಎಸ್‌ಎಚ್‌ಎ-1 ಪದ್ಧತಿಯಿಂದ ಎಸ್‌ಎಚ್‌ಎ-2ಕ್ಕೆ ಬದಲಿಸಿತು. ಹೊಸ ಸಹಿಯನ್ನು ಗುರುತಿಸಲು ಸರ್ವಿಸ್ ಪ್ಯಾಕ್ 1ರ ಮೇಲೆ 4490628 ಮತ್ತು 4474419 ಸಂಖ್ಯೆಯ ಅಪ್‌ಡೇಟ್‌ಗಳು ಇರಲೇಬೇಕು. ಇವಿಲ್ಲದಿದ್ದರೆ ಮುಂದಿನವು ಯಾವುವೂ ಕೂರುವುದಿಲ್ಲ. 80092004 ಎಂಬ ದೋಷ ಕಾಣಿಸಬಹುದು. ಅಪ್‌ಡೇಟ್ ಆಗುತ್ತಿಲ್ಲವೆಂದು ಫಾರ್ಮ್ಯಾಟ್ ಮಾಡಿ ಹಳೆಯ ಡಿವಿಡಿಯಿಂದ ವಿಂಡೋಸ್ ಹಾಕಿದರೆ ತೊಂದರೆ ಹೆಚ್ಚುವುದು ಇದರಿಂದಲೇ: ಮೊದಲು ಇದ್ದಿರಬಹುದಾದ ಆ ಎರಡೂ ಹೊರಟುಹೋಗುತ್ತವೆ. ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕ್ಯಾಟಲಾಗಿನಲ್ಲಿ ಸಂಖ್ಯೆ ಹಾಕಿ ಹುಡುಕಿ, ಯಂತ್ರ 32 ಬಿಟ್ಟೋ 64 ಬಿಟ್ಟೋ ನೋಡಿ ಅದಕ್ಕೆ ಹೊಂದುವುದನ್ನೇ ಇಳಿಸಬೇಕು.

ಆದರೂ ಒಂದು ಗೋಡೆ ಅಡ್ಡ ನಿಲ್ಲುತ್ತದೆ. ವಿಂಡೋಸ್ 7ರ ಉಚಿತ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಬೆಂಬಲ ಮುಗಿದ ಮೇಲೂ ಭದ್ರತಾ ಅಪ್‌ಡೇಟ್ ಕೊಡುವ ವಿಸ್ತರಿತ ಸೇವೆಯ ಕೀಲಿ ಪಡೆಯದ ಯಂತ್ರಕ್ಕೆ ಆ ಫೆಬ್ರವರಿಯ ಅಪ್‌ಡೇಟ್ ಹಾಕಿದಾಗ ಅದು ಕೂತಂತೆ ಮಾಡಿ, ರೀಸ್ಟಾರ್ಟ್ ಆಗುವಾಗ ಹಿಂದಕ್ಕೆ ಸರಿಯಿತು. ಅಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಪರವಾನಗಿ ಇರಲಿಲ್ಲ. ಆ ಸೇವೆಯೂ 2023ರ ಜನವರಿಗೆ ಮುಗಿದಿದೆ.

ವಿಂಡೋಸ್ 10ರಲ್ಲಿ ಮೊದಲು ಹೇಳಿದ ಭಾಗಗಳ ಸಂಗ್ರಹ ಕೆಟ್ಟಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಡಿಸ್ಮ್‌ನ ‘ರೀಸ್ಟೋರ್ ಹೆಲ್ತ್’, ಆಮೇಲೆ ಎಸ್‌ಎಫ್‌ಸಿಯ ‘ಸ್ಕ್ಯಾನ್ ನೌ’ ನಡೆಸಬೇಕು. 2024ರ ಜನವರಿಯ 5034441 ಅಪ್‌ಡೇಟ್ ಮಾತ್ರ ಇವಕ್ಕೂ ಬಗ್ಗಲಿಲ್ಲ. ಪರದೆಯ ಮೇಲೆ ಬರುತ್ತಿದ್ದದ್ದು 80070643, ಇನ್‌ಸ್ಟಾಲ್ ಆಗಲಿಲ್ಲ ಎಂಬ ಸಾಮಾನ್ಯ ದೋಷ. ನಿಜವಾದ ಕಾರಣ, ಹಳೆಯ ಯಂತ್ರಗಳ ರಿಕವರಿ ಪಾರ್ಟಿಷನ್ನಿನಲ್ಲಿ ಆ ಅಪ್‌ಡೇಟ್‌ಗೆ ಬೇಕಾದ 250 ಎಂಬಿ ಖಾಲಿ ಜಾಗ ಇರಲಿಲ್ಲ. ಸಿ ಡ್ರೈವ್‌ನಲ್ಲಿ ಎಷ್ಟು ಖಾಲಿ ಮಾಡಿದರೂ ಪ್ರಯೋಜನವಿಲ್ಲ, ಆ ಪಾರ್ಟಿಷನ್ನನ್ನೇ ಹಿಗ್ಗಿಸಬೇಕಿತ್ತು. ಡೇಟಾ ಕಳೆಯುವ ಅಪಾಯವಿರುವ ಈ ಕೆಲಸವನ್ನು ತಿಳಿದವರ ಕೈಗೆ ಕೊಡುವುದೇ ಸರಿ.

ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 22ಎಚ್2 ಆವೃತ್ತಿಯ ಮನೆಬಳಕೆಯ ಯಂತ್ರಗಳನ್ನು ವಿಸ್ತರಿತ ಸೇವೆಗೆ ನೋಂದಾಯಿಸಿದರೆ ಮತ್ತೊಂದು ವರ್ಷ ಭದ್ರತಾ ಅಪ್‌ಡೇಟ್ ಬರುವಂತೆ ಮೈಕ್ರೋಸಾಫ್ಟ್ ವ್ಯವಸ್ಥೆ ಮಾಡಿತು. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರೋ ಪ್ರಿಂಟರೋ ಬಿಡದ ಕಾರಣಕ್ಕೆ ವಿಂಡೋಸ್ 7ನ್ನೇ ಇಟ್ಟುಕೊಂಡವರು ಆ ಯಂತ್ರದ ಇಂಟರ್‌ನೆಟ್ ಕೇಬಲನ್ನು ಕಳಚಬೇಕು, ಉಳಿದ ಕಂಪ್ಯೂಟರುಗಳ ನೆಟ್‌ವರ್ಕ್‌ನಿಂದ ಬೇರ್ಪಡಿಸಬೇಕು, ಬ್ಯಾಂಕಿಂಗ್ ಮತ್ತು ಇಮೇಲನ್ನು ಬೇರೆ ಯಂತ್ರಕ್ಕೆ ಸಾಗಿಸಬೇಕು. ಅದಕ್ಕೆ ಹಾಕುವ ಪೆನ್‌ಡ್ರೈವ್ ಪ್ರತಿ ಸಲವೂ ಅಪ್‌ಡೇಟ್ ಆಗಿರುವ ಇನ್ನೊಂದು ಕಂಪ್ಯೂಟರಿನಲ್ಲಿ ಸ್ಕ್ಯಾನ್ ಆಗಿಯೇ ಬರಬೇಕು.